ಕ್ಷಣವೂ ಕಲ್ಪವೂ

ಎರ್ಮಾಳಿನ ಮರಳದಂಡೆಯಲ್ಲಿ ನಿಂತು, ಕಾಪುವಿನಲ್ಲಿ 1901ರಿಂದ ನಿಂತಿರುವ ದೀಪಸ್ತಂಭದ ಬೆಳಕನ್ನು ಪ್ರತಿ ರಾತ್ರಿಯೂ ಕಾಣುವ ನಮಗೆ, ಸಮುದ್ರವು ಅತಿಪರಿಚಯದಿಂದಲೇ ಅದೃಶ್ಯವಾಗಿಬಿಟ್ಟಿರುತ್ತದೆ. ಅದನ್ನು ಪುನಃ ಕಾಣಬೇಕಾದರೆ ಒಮ್ಮೆ ಮಲ್ಪೆಯಿಂದ ದೋಣಿಯೇರಿ, ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ, ಅಲ್ಲಿಂದ ನಮ್ಮ ತೀರದತ್ತ ತಿರುಗಿ ನೋಡಬೇಕು.

ಕಳೆದ ರಜೆಯಲ್ಲಿ ಕ್ಯಾಮರಾವನ್ನು ಹೆಗಲಿಗೇರಿಸಿಕೊಂಡು ನಾನೂ ಹಾಗೆಯೇ ಹೋದೆನು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರವು ಭಾರತದಿಂದ ಬೇರ್ಪಡುತ್ತಿದ್ದ ಯುಗದಲ್ಲಿ ಉಕ್ಕಿದ ಶಿಲಾರಸವು, ತಣಿಯುತ್ತ, ಕುಗ್ಗುತ್ತ, ಬಿರಿಯುತ್ತ, ಬಹುತೇಕ ಷಟ್ಕೋನಾಕೃತಿಯ ಕಂಬಗಳಾಗಿ ನಿಂತಿರುವ ಆ ದೃಶ್ಯವನ್ನು ಸೆರೆಹಿಡಿಯಲು ಅವಸರವೇ ಬೇಕಿರಲಿಲ್ಲ: ಕಿರಿದಾದ ದ್ಯುತಿರಂಧ್ರ, ಅಲುಗದ ಮುಕ್ಕಾಲಿ, ಓರೆಬಿಸಿಲಿಗಾಗಿ ಕಾಯುವ ತಾಳ್ಮೆ, ಇಷ್ಟೇ ಸಾಕು. ಆದರೆ ಅದೇ ಕಂಬಗಳಿಗೆ ಅಪ್ಪಳಿಸಿ ಸಿಡಿಯುವ ತೆರೆಗೂ, ಆ ತುಂತುರಿಗೆ ಬೆಚ್ಚಿ ಕೇಕೆಹಾಕಿ ಹಿಂದಕ್ಕೆ ನೆಗೆಯುವ ಬಾಲಕರಿಗೂ ಸೆಕೆಂಡಿನ ಸಾವಿರದಲ್ಲೊಂದು ಭಾಗವೇ ಮುಹೂರ್ತ. ಮೂರು ಸಲ ಗುಂಡಿಯನ್ನೊತ್ತಿದೆನು. ಮೂರು ಸಲವೂ ಅಲೆ ಬಿದ್ದಮೇಲಿನ ಬರಿಯ ನೊರೆಯೇ ದೊರೆಯಿತು. ನಾಲ್ಕನೆಯ ಸಲ ಕಣ್ಣನ್ನು ಯಂತ್ರದಿಂದ ತೆಗೆದು, ಅಲೆಗಳ ಲಯವನ್ನು ಎಣಿಸಿ, ನೀರು ಹಿಂಜರಿಯುವಾಗಲೇ ಸಿದ್ಧನಾಗಿ ನಿಂತಾಗ, ಚಿತ್ರವು ತಾನಾಗಿಯೇ ಒದಗಿಬಂದಿತು.

ಸ್ಥಿರವಾದುದಕ್ಕೆ ಸಹನೆ, ಚಲಿಸುವುದಕ್ಕೆ ಸನ್ನದ್ಧತೆ. ಬಾಳಿನಲ್ಲಾದರೋ ನಾವು ಇವೆರಡನ್ನೂ ಅದಲುಬದಲು ಮಾಡಿಕೊಂಡು, ಹಿರಿಯರ ಮಾತಿಗೆ ಕಿವಿಗೊಡುವಾಗ ಆತುರವನ್ನೂ, ಬಾಗಿಲಿಗೆ ಬಂದ ಅವಕಾಶಕ್ಕೆ ಆಲಸ್ಯವನ್ನೂ ತೋರುತ್ತೇವೆ. ಮಿತ್ರರೇ, ಮುಂದೆಂದಾದರೂ ಆ ದ್ವೀಪಕ್ಕೆ ಹೋದಾಗ, ಒದ್ದೆಬಂಡೆಯ ಅಂಚಿನಲ್ಲಿ ಕಡಲಿಗೆ ಬೆನ್ನುಗೊಟ್ಟು ನಿಲ್ಲದಿರಿ. ಚಿತ್ರ ತೆಗೆಯುವ ಮುನ್ನ ಒಂದು ಗಳಿಗೆ ಬರಿಗಣ್ಣಿನಿಂದ ನೋಡಿರಿ.