ಅವಸರದ ಮೀನು, ನಿಧಾನದ ಮೀನು

ತೆಳ್ಳಗಿನ ನೈಲಾನ್ ಕಾಲುಚೀಲದ ಒಂದು ತುಂಡು. ಅದರೊಳಗೆ ಒಂದು ಹಿಡಿ ಮೀನಿನ ಮೊಟ್ಟೆ. ಬೆಂದ ಸಬ್ಬಕ್ಕಿಗೆ ಕೇಸರಿ ಬಣ್ಣ ಹಾಕಿದಂತೆ ಹೊಳೆಯುವ ಮೊಟ್ಟೆಗಳು. ಚೀಲದ ಬಾಯಿ ಬಿಗಿದು, ಪುಟ್ಟ ಗಂಟು ಮಾಡಿ, ಗಾಳಕ್ಕೆ ಸಿಕ್ಕಿಸಿದರೆ ಎರೆ ಸಿದ್ಧ. ಕೆನಡಾ ದೇಶದ ಫ್ರೇಸರ್ ನದಿಯಲ್ಲಿ, ಮೀನು ಹಿಡಿಯುವ ಆಸೆಯಿಂದ ಬಂದವರನ್ನು ದೋಣಿಯಲ್ಲಿ ಕರೆದೊಯ್ಯುವ ಗೈಡುಗಳು ಇಂಥ ಗಂಟುಗಳನ್ನು ಕಟ್ಟಿಟ್ಟುಕೊಳ್ಳುತ್ತಾರೆ. ಮೊಟ್ಟೆ ಸಾಲ್ಮನ್ ಎಂಬ ಮೀನಿನದು. ಅದನ್ನು ತಿನ್ನಲು ಬರುವುದು ಸ್ಟರ್ಜನ್ ಎಂಬ ಬೇರೆ ಮೀನು. ಮಕ್ಕಳೇ, ನಾನು ಇವತ್ತು ಹೇಳಹೊರಟಿರುವ ಕತೆಯೆಲ್ಲ ಆ ಗಂಟಿನೊಳಗೇ ಇದೆ.

ಫ್ರೇಸರ್ ಸಣ್ಣ ಹೊಳೆಯಲ್ಲ. ರಾಕಿ ಪರ್ವತಗಳಲ್ಲಿ ಹುಟ್ಟಿ, ಸುಮಾರು 1,375 ಕಿ.ಮೀ. ಹರಿದು, ವ್ಯಾಂಕೂವರ್ ನಗರದ ಬಳಿ ಕಡಲು ಸೇರುತ್ತದೆ. ದಾರಿಯುದ್ದಕ್ಕೂ ಬೆಟ್ಟ ಕೊರೆದು ತಂದ ಮಣ್ಣಿನಿಂದ ಅದರ ನೀರು ಮಳೆಗಾಲದ ನಮ್ಮ ಹೊಳೆಗಳಂತೆ ಕಂದು. ವರ್ಷಕ್ಕೆ ಸುಮಾರು ಎರಡು ಕೋಟಿ ಟನ್ ಹೂಳನ್ನು ಅಳಿವೆಗೆ ತಂದು ಸುರಿಯುತ್ತದೆ. 1808ರಲ್ಲಿ ಸೈಮನ್ ಫ್ರೇಸರ್ ಎಂಬಾತ ಈ ನದಿಗುಂಟ ಕಡಲವರೆಗೆ ಬಂದ. ನಕಾಶೆಯಲ್ಲಿ ಉಳಿದದ್ದು ಅವನ ಹೆಸರು. ಆದರೆ ಅವನಿಗಿಂತ ಸಾವಿರಾರು ವರ್ಷ ಮೊದಲಿನಿಂದ ಅಲ್ಲಿ ಸ್ಟೊಲೊ ಜನ ಬಾಳುತ್ತಿದ್ದಾರೆ. ಸ್ಟೊಲೊ ಎಂದರೆ ಅವರ ಮಾತಿನಲ್ಲಿ ಹೊಳೆ. ಹೊಳೆಯ ಹೆಸರೇ ಜನರ ಹೆಸರು. ಕಣಿವೆಯ ಬಿಸಿಗಾಳಿಗೆ ಸಾಲ್ಮನ್ ಸೀಳುಗಳನ್ನು ನೇತುಹಾಕಿ ಒಣಗಿಸುವುದನ್ನು ಇಂದಿಗೂ ಅವರು ಬಿಟ್ಟಿಲ್ಲ.

ಬನ್ನಿ, ದೋಣಿ ಹತ್ತೋಣ. ಇದು ಜೆಟ್ ದೋಣಿ. ನೀರನ್ನು ಒಳಗೆ ಹೀರಿ ಹಿಂದಕ್ಕೆ ಚಿಮ್ಮಿಸಿ ಮುಂದೆ ಹೋಗುತ್ತದೆ. ಮಾಮೂಲಿ ದೋಣಿಯ ತಿರುಗುವ ರೆಕ್ಕೆ ಈ ನದಿಯ ಉರುಟುಗಲ್ಲಿನ ದಿಬ್ಬಗಳಿಗೆ ಬಡಿದು ಮುರಿಯಬಹುದು. ಗೈಡ್ ಒಂದು ಆಳದ ಮಡುವಿನ ಬಳಿ ಲಂಗರು ಹಾಕುತ್ತಾನೆ. ಭಾರವಾದ ಸೀಸದ ಗುಂಡಿನೊಂದಿಗೆ ಎರೆ ತಳಕ್ಕೆ ಇಳಿಯುತ್ತದೆ. ಗಾಳದ ಕೋಲಿನ ತುದಿಗೊಂದು ಪುಟ್ಟ ಗಂಟೆ. ಇನ್ನು ಕಾಯುವುದು. ಅಷ್ಟರಲ್ಲಿ ಗಂಟಿನೊಳಗಿನ ಮೊಟ್ಟೆಯ ಕತೆ ಕೇಳಿ.

ಫ್ರೇಸರಿನಲ್ಲಿ ಐದು ಜಾತಿಯ ಸಾಲ್ಮನ್ ಇವೆ: ಚಿನೂಕ್, ಸಾಕ್‌ಐ, ಕೋಹೊ, ಪಿಂಕ್, ಚಮ್. ಸಾಕ್‌ಐಯನ್ನೇ ತೆಗೆದುಕೊಳ್ಳೋಣ. ತಾಯಿ ಮೀನು ಬಾಲದಿಂದ ಬಡಿದು ಬಡಿದು ಉರುಟುಗಲ್ಲುಗಳ ನಡುವೆ ಗುಂಡಿ ತೋಡಿ, ಮೂರು ನಾಲ್ಕು ಸಾವಿರ ಮೊಟ್ಟೆಯಿಟ್ಟು, ಮತ್ತೆ ಕಲ್ಲು ಮುಚ್ಚುತ್ತದೆ. ಚಳಿಗಾಲವಿಡೀ ಕಲ್ಲಿನ ಸಂದಿಯಲ್ಲಿ ತಣ್ಣೀರು ಹರಿಯುತ್ತ ಅವಕ್ಕೆ ಉಸಿರು ಕೊಡುತ್ತದೆ. ಒಡೆದು ಬಂದ ಮರಿಗೆ ಹೊಟ್ಟೆಯ ಕೆಳಗೆ ಕಿತ್ತಳೆ ಬಣ್ಣದ ಒಂದು ಚೀಲ. ತಾಯಿ ಕಟ್ಟಿಕೊಟ್ಟ ಬುತ್ತಿ ಅದು. ಬುತ್ತಿ ಮುಗಿಯುವವರೆಗೂ ಮರಿ ಕಲ್ಲಿನಡಿ ಬಿಟ್ಟು ಏಳುವುದಿಲ್ಲ. ಆಮೇಲೆ ಹತ್ತಿರದ ಸರೋವರಕ್ಕೆ ಇಳಿದು, ಸಾಮಾನ್ಯವಾಗಿ ಒಂದು ವರ್ಷ ಅಲ್ಲೇ ಬೆಳೆದು, ಕಡಲಿನತ್ತ ಹೊರಡುತ್ತದೆ.

ಇಲ್ಲೊಂದು ಕಷ್ಟವಿದೆ. ಒಣದ್ರಾಕ್ಷಿಯನ್ನು ಸಿಹಿನೀರಲ್ಲಿ ಹಾಕಿದರೆ ಉಬ್ಬುತ್ತದೆ. ಉಪ್ಪು ಸವರಿದ ಮಾವಿನ ಹೋಳು ನೀರು ಬಿಟ್ಟು ಸೊರಗುತ್ತದೆ. ಮೀನಿನ ಮೈಗೂ ಇದೇ ನಿಯಮ. ಹೊಳೆಯಲ್ಲಿದ್ದಾಗ ನೀರು ಒಳಗೆ ನುಗ್ಗುತ್ತದೆ, ಕಡಲಿನಲ್ಲಿ ಮೈಯ ನೀರು ಹೊರಗೆ ಹೋಗುತ್ತದೆ. ಹಾಗಾಗಿ ಸಾಮಾನ್ಯವಾಗಿ ಹೊಳೆಯ ಮೀನು ಕಡಲಿನಲ್ಲಿ ಉಳಿಯದು, ಕಡಲಿನ ಮೀನು ಹೊಳೆಯಲ್ಲಿ ಉಳಿಯದು. ಸಾಲ್ಮನ್ ಮರಿ ಮಾತ್ರ ದಾರಿಯಲ್ಲೇ ತನ್ನ ಕಿವಿರುಗಳ ಕೆಲಸವನ್ನು ತಿರುಗುಮುರುಗು ಮಾಡಿಕೊಳ್ಳುತ್ತದೆ. ಈವರೆಗೆ ನೀರಿನಿಂದ ಉಪ್ಪು ಹೀರುತ್ತಿದ್ದ ಕಿವಿರು ಇನ್ನು ಮೇಲೆ ಉಪ್ಪನ್ನು ಹೊರಕ್ಕೆ ತಳ್ಳುತ್ತದೆ. ಬೆರಳುದ್ದದ ಮರಿ ಇಷ್ಟೆಲ್ಲ ಮಾಡುತ್ತದೆ ಎಂದು ನೆನೆದಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಎರಡು ವರ್ಷ ಕಡಲಿನಲ್ಲಿ ಅಲೆದು ದಪ್ಪಗಾದ ಮೀನು ನಾಲ್ಕನೆಯ ವಯಸ್ಸಿಗೆ ಊರಿಗೆ ಹೊರಡುತ್ತದೆ. ದಾರಿ ಹೇಗೆ ತಿಳಿಯಿತು? ನಡುಗಡಲಿನಲ್ಲಿ ಅದಕ್ಕೆ ಭೂಮಿಯ ಕಾಂತಶಕ್ತಿಯೇ ದಿಕ್ಕು ತೋರುತ್ತದೆ. ಅಳಿವೆಯ ಎದುರಿಗೆ ವ್ಯಾಂಕೂವರ್ ದ್ವೀಪ ಅಡ್ಡ ಮಲಗಿದೆ. ಮೀನುಗಳು ಕೆಲವು ವರ್ಷ ಅದನ್ನು ಉತ್ತರದಿಂದ ಬಳಸಿ ಬಂದರೆ ಕೆಲವು ವರ್ಷ ದಕ್ಷಿಣದಿಂದ. 56 ವರ್ಷಗಳ ಲೆಕ್ಕವನ್ನು ಹರಡಿಕೊಂಡು ಕೂತ ವಿಜ್ಞಾನಿಗಳು 2013ರಲ್ಲಿ ಕಂಡುಕೊಂಡದ್ದು ಇದು: ಭೂಕಾಂತತೆ ವರ್ಷದಿಂದ ವರ್ಷಕ್ಕೆ ಚೂರುಚೂರೇ ಸರಿಯುತ್ತದೆ, ಮೀನುಗಳ ಆಯ್ಕೆಯೂ ಅದಕ್ಕೆ ತಕ್ಕಂತೆ ಸರಿಯುತ್ತದೆ.

ಹೊಳೆಯ ಬಾಯಿಗೆ ಬಂದ ಮೇಲೆ ಕೆಲಸ ಮೂಗಿನದು. ಅಮೆರಿಕದ ಆರ್ಥರ್ ಹ್ಯಾಸ್ಲರ್ ಎಂಬ ವಿಜ್ಞಾನಿ ಒಮ್ಮೆ ತಾನು ಬೆಳೆದ ಸೀಮೆಯ ಬೆಟ್ಟ ಹತ್ತುತ್ತಿದ್ದರು. ಜಲಪಾತವೊಂದರ ಕಡೆಯಿಂದ ತಂಪು ಗಾಳಿ ಬೀಸಿ, ಪಾಚಿಯ, ಹೂಗಳ ವಾಸನೆ ಮೂಗಿಗೆ ಬಡಿಯಿತು. ಅದೇ ಗಳಿಗೆ ಮರೆತೇಹೋಗಿದ್ದ ಬಾಲ್ಯದ ನೆನಪುಗಳು ಒಟ್ಟಿಗೆ ಎದ್ದು ಬಂದವು. ನನಗೇ ಹೀಗಾದರೆ ಮೀನಿಗೂ ಯಾಕಾಗಬಾರದು ಎಂದು ಅವರು ಯೋಚಿಸಿದರು. ಆಮೇಲೆ ಅವರೂ ಅವರ ಶಿಷ್ಯ ವಾರನ್ ವಿಸ್ಬಿಯೂ ವಾಷಿಂಗ್ಟನ್ ರಾಜ್ಯದಲ್ಲಿ, ಒಂದು ತೊರೆಯ ಎರಡು ಕವಲುಗಳಿಗೆ ಮರಳಿದ ಕೋಹೊ ಮೀನುಗಳನ್ನು ಹಿಡಿದು, ಅರ್ಧದಷ್ಟಕ್ಕೆ ಮೂಗು ಮುಚ್ಚಿ, ಕವಲಿನ ಕೆಳಗೆ ಬಿಟ್ಟರು. ಮೂಗು ತೆರೆದಿದ್ದವು ಬಹುಪಾಲು ತಮ್ಮ ತಮ್ಮ ಕವಲಿಗೇ ಹೋದವು. ಮೂಗು ಮುಚ್ಚಿದವು ಸಿಕ್ಕ ಕಡೆ ನುಗ್ಗಿದವು. ಪ್ರತಿ ತೊರೆಯ ಕಲ್ಲು ಬೇರೆ, ಮಣ್ಣು ಬೇರೆ, ದಂಡೆಯ ಗಿಡ ಬೇರೆ. ಆದ್ದರಿಂದ ನೀರಿನ ವಾಸನೆಯೂ ಬೇರೆ. ಮರಿಯಾಗಿದ್ದಾಗ ಹೀರಿದ ಆ ವಾಸನೆಯನ್ನು ಮೀನು ಕಡಲಿಗೂ ಹೊತ್ತೊಯ್ದು ತಿರುಗಿ ತರುತ್ತದೆ.

ಅಲ್ಲಿಂದ ಮುಂದೆ ಬರೀ ಏರು. ಆಡಮ್ಸ್ ಹೊಳೆಯಲ್ಲಿ ಹುಟ್ಟಿದ ಸಾಕ್‌ಐಗೆ ಸುಮಾರು 500 ಕಿ.ಮೀ. ಹಾದಿ. ಇನ್ನೂ ಮೇಲಿನ ಸ್ಟುವರ್ಟ್ ಸರೋವರದ ಕಡೆಯವಕ್ಕೆ ಸಾವಿರ ಕಿ.ಮೀ.ಗೂ ಹೆಚ್ಚು. ಹೊಳೆ ಹೊಕ್ಕ ಮೇಲೆ ಅವು ಏನೂ ತಿನ್ನುವುದಿಲ್ಲ. ಕಡಲಿನಲ್ಲಿ ಸೀಗಡಿಯಂಥ ಪುಟ್ಟ ಜೀವಿಗಳನ್ನು ತಿಂದು ಮಾಂಸದಲ್ಲಿ ಕೂಡಿಟ್ಟ ಕೆಂಪು ಬಣ್ಣ ಈಗ ಚರ್ಮಕ್ಕೆ ಏರುತ್ತದೆ, ಮೊಟ್ಟೆಗೂ ಇಳಿಯುತ್ತದೆ. ಬೆಳ್ಳಿಯಂತಿದ್ದ ಮೀನು ಕುಂಕುಮದ ಬಣ್ಣಕ್ಕೆ ತಿರುಗುತ್ತದೆ, ತಲೆ ಮಾತ್ರ ಹಸಿರು. ಗಂಡಿನ ದವಡೆ ಕೊಕ್ಕೆಯಂತೆ ಬಾಗುತ್ತದೆ.

ನಡುದಾರಿಯಲ್ಲಿ ಹೆಲ್ಸ್ ಗೇಟ್ ಎಂಬ ಇಕ್ಕಟ್ಟು. ಇಡೀ ನದಿ ಅಲ್ಲಿ ಸುಮಾರು 35 ಮೀಟರ್ ಅಗಲದ ಬಂಡೆಯ ಬಾಯಲ್ಲಿ ತೂರಿಕೊಂಡು ಹೋಗುತ್ತದೆ. 1913–14ರಲ್ಲಿ ರೈಲುಹಳಿ ಹಾಕುವಾಗ ಸಿಡಿಸಿದ ಬಂಡೆಗಳು, ಆಮೇಲೆ ಕುಸಿದ ಗುಡ್ಡ ನೀರಿಗೆ ಬಿದ್ದು, ಸೆಳವು ಇನ್ನೂ ರಭಸವಾಗಿ, ಲಕ್ಷಾಂತರ ಮೀನುಗಳು ಹತ್ತಲಾರದೆ ಕೆಳಗೇ ಸತ್ತವು. ಮೀನು ನಡುನಡುವೆ ನಿಂತು ಸುಧಾರಿಸಿಕೊಂಡು ಏರಲು ಕಾಂಕ್ರೀಟಿನ ಮೀನುದಾರಿ ಕಟ್ಟಲು ತೊಡಗಿದ್ದು 1944ರಷ್ಟು ತಡವಾಗಿ. ಮೂವತ್ತು ವರ್ಷ! ಅಷ್ಟರಲ್ಲಿ ಸಾಲ್ಮನ್ನಿನ ಏಳು ತಲೆಮಾರು ಕಳೆದಿದ್ದವು. 2019ರಲ್ಲಿ ಮೇಲಿನ ಬಿಗ್ ಬಾರ್ ಎಂಬಲ್ಲಿ ಮತ್ತೆ ಬಂಡೆ ಕುಸಿದು ದಾರಿ ಮುಚ್ಚಿದ್ದು ಕಂಡಾಗ ಜನ ಸುಮ್ಮನಿರಲಿಲ್ಲ. ಮೀನುಗಳನ್ನು ನೀರಿನ ತೊಟ್ಟಿಗಳಲ್ಲಿ ತುಂಬಿ ಹೆಲಿಕಾಪ್ಟರಿನಲ್ಲಿ ಎತ್ತಿ ಆಚೆ ಬಿಟ್ಟರು.

ಮರಳುವ ಮೀನು ಎಲ್ಲ ವರ್ಷವೂ ಒಂದೇ ಸಮನಲ್ಲ. 2009ರಲ್ಲಿ ಫ್ರೇಸರಿಗೆ ಬಂದ ಸಾಕ್‌ಐ ಸುಮಾರು 15 ಲಕ್ಷ. ಮರುವರ್ಷ ಎರಡೂವರೆ ಕೋಟಿಗೂ ಮಿಕ್ಕಿ! ಅದಕ್ಕೇ ಮಿಷನ್ ಎಂಬ ಊರಿನ ಬಳಿ ನೀರೊಳಗೆ ಶಬ್ದದ ಅಲೆ ಕಳಿಸಿ, ಮೀನಿಗೆ ತಾಗಿ ಬಂದ ಮಾರ್ದನಿಯಿಂದ ಎಣಿಸುತ್ತಾರೆ. ಲೆಕ್ಕ ನೋಡಿಕೊಂಡು ಸರ್ಕಾರ ಸಾಲ್ಮನ್ ಹಿಡಿಯಲು ಬಿಡುತ್ತದೆ, ಇಲ್ಲವೇ ನಿಲ್ಲಿಸುತ್ತದೆ. ನಿಲ್ಲಿಸಿದ ದಿನ ಗೈಡುಗಳೂ ಸಾಲ್ಮನ್ನಿಗೆ ಗಾಳ ಹಾಕುವಂತಿಲ್ಲ.

ಟಿಣ್... ಕೇಳಿಸಿತೇ? ಗಂಟೆ!

ದೊಡ್ಡ ಮೀನಾದರೆ ಕೋಲನ್ನೇ ಸೆಳೆದುಬಿಡುತ್ತದೆ ಅಂದುಕೊಂಡಿದ್ದಿರಾ? ಇಲ್ಲ. ಸ್ಟರ್ಜನ್ ಎರೆಯನ್ನು ಮೆಲ್ಲಗೆ ಮುಟ್ಟಿ ನೋಡುತ್ತದೆ. ಕಂದು ನೀರಿನ ತಳದಲ್ಲಿ ಕಣ್ಣಿಗೇನು ಕಂಡೀತು? ಮೂತಿಯ ಕೆಳಗೆ ನೇತಾಡುವ ನಾಲ್ಕು ಮೀಸೆಗಳೇ ಅದಕ್ಕೆ ಬೆರಳು, ಅವೇ ನಾಲಿಗೆ. ಮೂತಿಯಡಿ ಇರುವ ಸಣ್ಣ ಕುಳಿಗಳು ಬೇರೆ ಜೀವಿಗಳ ಮೈಯಿಂದ ಹೊಮ್ಮುವ ಅತಿ ಸೂಕ್ಷ್ಮ ವಿದ್ಯುತ್ತನ್ನೂ ಹಿಡಿಯುತ್ತವೆ. ಹಲ್ಲು ಒಂದೂ ಇಲ್ಲ. ಬಾಯನ್ನು ಕೊಳವೆಯಂತೆ ಹೊರಚಾಚಿ ಆಹಾರವನ್ನು ಸರ್ರನೆ ಹೀರಿಕೊಳ್ಳುತ್ತದೆ.

ಈಗ ಕೋಲು ಬಾಗಿತು. ರೀಲಿನಿಂದ ದಾರ ಸರಸರನೆ ಬಿಚ್ಚಿಕೊಂಡಿತು. ದೂರದಲ್ಲಿ ಮೀನು ಇಡೀ ಮೈಯನ್ನು ನೀರಿನಿಂದ ಮೇಲಕ್ಕೆ ಎಸೆದು ಧೊಪ್ಪನೆ ಬಿತ್ತು. ಇದು ಬಿಳಿ ಸ್ಟರ್ಜನ್, ಉತ್ತರ ಅಮೆರಿಕದ ಸಿಹಿನೀರಿನ ಮೀನುಗಳಲ್ಲೆಲ್ಲ ದೊಡ್ಡದು. ಮೂರು ಮೀಟರ್ ಉದ್ದದವು ಈ ನದಿಯಲ್ಲಿ ಈಗಲೂ ಗಾಳಕ್ಕೆ ಸಿಗುತ್ತವೆ. ಮೈಮೇಲೆ ಹುರುಪೆಯ ಬದಲು ಎಲುಬಿನ ಫಲಕಗಳ ಐದು ಸಾಲು, ಶಾರ್ಕಿನಂತೆ ಮೇಲುಭಾಗ ಉದ್ದವಾದ ಬಾಲ. ಒಳಗಿನ ಅಸ್ಥಿಪಂಜರ ಬಹುಪಾಲು ನಮ್ಮ ಹೊರಕಿವಿಯಲ್ಲಿರುವಂಥ ಮೆತ್ತನೆಯ ಮೃದ್ವಸ್ಥಿ. ಇದರ ವಂಶ ಸುಮಾರು 20 ಕೋಟಿ ವರ್ಷ ಹಳೆಯದು. ಡೈನೋಸಾರ್‌ಗಳು ಅಳಿದುಹೋದದ್ದನ್ನು ಕಂಡ ವಂಶ.

ದೋಣಿಯ ಪಕ್ಕಕ್ಕೆ ಬಂದ ದೊಡ್ಡ ಮೀನನ್ನು ಗೈಡ್ ಮೇಲೆತ್ತುವುದಿಲ್ಲ. ಅಷ್ಟು ಭಾರದ ಮೈಯನ್ನು ನೀರು ಹೊತ್ತುಕೊಂಡಿರುತ್ತದೆ. ಎತ್ತಿ ಹಿಡಿದರೆ ಒಳಗಿನ ಅಂಗಗಳಿಗೆ ಪೆಟ್ಟು. ಆತ ನೀರಿಗೇ ಇಳಿದು, ಮೀನಿನ ತಲೆಯ ಹಿಂದೆ ಒಂದು ಸಣ್ಣ ಯಂತ್ರ ಹಿಡಿಯುತ್ತಾನೆ. ಯಂತ್ರದಲ್ಲಿ ಒಂದು ಉದ್ದ ಸಂಖ್ಯೆ ಮೂಡಿದರೆ, ಈ ಮೀನನ್ನು ಮುಂಚೆ ಯಾರೋ ಹಿಡಿದು ಬಿಟ್ಟಿದ್ದಾರೆ ಎಂದರ್ಥ. ಚರ್ಮದಡಿ ಅಕ್ಕಿಕಾಳಿನಂಥ ಒಂದು ಚಿಪ್ ಇದೆ. ಅದಕ್ಕೆ ಬ್ಯಾಟರಿ ಇಲ್ಲ. ನಮ್ಮ ಮೆಟ್ರೊ ಕಾರ್ಡಿನಲ್ಲೂ ಬ್ಯಾಟರಿ ಇಲ್ಲವಲ್ಲ, ಹಾಗೆಯೇ. ಯಂತ್ರ ಕಳಿಸುವ ಅಲೆಯಿಂದಲೇ ಗಳಿಗೆಯ ಮಟ್ಟಿಗೆ ಶಕ್ತಿ ಪಡೆದು ತನ್ನ ಸಂಖ್ಯೆ ಹೇಳಿ ಮತ್ತೆ ಸುಮ್ಮನಾಗುತ್ತದೆ. ಉದ್ದ, ಸುತ್ತಳತೆ, ಜಾಗ, ತಾರೀಕು ಎಲ್ಲ ಬರೆದುಕೊಂಡು ಗೈಡ್ ಅದನ್ನು ಫ್ರೇಸರ್ ನದಿಯ ಸ್ಟರ್ಜನ್ ಸಂರಕ್ಷಣಾ ಸಂಘಕ್ಕೆ ಕಳಿಸುತ್ತಾನೆ. 2000ದಿಂದ ಗೈಡುಗಳೂ ಹವ್ಯಾಸಿಗಳೂ ಸಂಬಳವಿಲ್ಲದೆ ಈ ಕೆಲಸ ಮಾಡುತ್ತಿದ್ದಾರೆ. ಯಾವ ಮೀನು ಎಷ್ಟು ಬೆಳೆಯಿತು, ಎಲ್ಲಿಂದ ಎಲ್ಲಿಗೆ ಹೋಯಿತು, ಮರಿಗಳು ಕಡಿಮೆಯಾಗುತ್ತಿವೆಯೇ ಎಂಬುದೆಲ್ಲ ತಿಳಿಯುವುದು ಹೀಗೆ.

ಫ್ರೇಸರಿನಲ್ಲಿ ಗಾಳದವರು ಹಿಡಿದ ಸ್ಟರ್ಜನ್ ಒಂದನ್ನೂ ಮನೆಗೆ ಒಯ್ಯುವಂತಿಲ್ಲ. 1994ರಿಂದ ಹಿಡಿದದ್ದನ್ನೆಲ್ಲ ಬಿಟ್ಟುಬಿಡಬೇಕು. ಗಾಳಕ್ಕೆ ಹಿಮ್ಮುಳ್ಳೂ ಇರಕೂಡದು. ಕಾರಣ ಈ ಮೀನಿನ ನಿಧಾನ. ಹೆಣ್ಣು ಸ್ಟರ್ಜನ್ ಮೊದಲ ಬಾರಿ ಮೊಟ್ಟೆಯಿಡಲು ಸುಮಾರು ಇಪ್ಪತ್ತು ವರ್ಷ, ಎಷ್ಟೋ ಸಲ ಅದಕ್ಕೂ ಹೆಚ್ಚು ಬೇಕು. ಆಮೇಲೂ ಪ್ರತಿ ವರ್ಷ ಇಡುವುದಿಲ್ಲ, ನಡುವೆ ಹಲವು ವರ್ಷ ಬಿಡುವು. ಬದುಕಿದರೆ ನೂರು ವರ್ಷವೂ ಬದುಕೀತು. 1890ರ ದಶಕದಲ್ಲಿ ಇದರ ಮಾಂಸಕ್ಕೂ ಮೊಟ್ಟೆಗೂ ಒಳ್ಳೆಯ ಬೆಲೆ ಬಂತು. 1897ರ ಒಂದೇ ವರ್ಷ ಸುಮಾರು 500 ಟನ್ ಹಿಡಿದರು. ಕೆಲವೇ ವರ್ಷಗಳಲ್ಲಿ ಹೊಳೆ ಬರಿದಾಯಿತು. ನಾಲ್ಕು ವರ್ಷದ ಮೀನಾಗಿದ್ದರೆ ಬೇಗ ಚೇತರಿಸಿಕೊಳ್ಳುತ್ತಿತ್ತೋ ಏನೋ. ನೂರು ವರ್ಷದ ಮೀನನ್ನು ಕೊಂದರೆ ಅಂಥದು ಇನ್ನೊಂದು ಆಗಲು ನೂರು ವರ್ಷವೇ ಬೇಕು.

ನಮ್ಮ ಕಾವೇರಿಯಲ್ಲೂ ಭೀಮೇಶ್ವರಿಯ ಬಳಿ ಒಂದು ಕಾಲದಲ್ಲಿ ಹೀಗೆಯೇ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದು, ತೂಗಿ, ಬಿಡುತ್ತಿದ್ದರು. ಈ ಆಟದ ಬಗ್ಗೆ ನನಗೆ ಎರಡು ಮನಸ್ಸು. ಮೀನಿಗೆ ಆಯಾಸವಾಗುತ್ತದೆ, ಬಾಯಿಗೆ ಗಾಯವಾಗುತ್ತದೆ, ಬೇಸಿಗೆಯ ಬೆಚ್ಚನೆ ನೀರಿನಲ್ಲಂತೂ ಸುಧಾರಿಸಿಕೊಳ್ಳಲು ಹೆಚ್ಚು ಹೊತ್ತು ಬೇಕು. ಆದರೆ ಸ್ಟರ್ಜನ್‌ಗಳ ಆ ಸಂಖ್ಯೆಗಳನ್ನು ಬರೆದಿಟ್ಟ ಕೈಗಳೂ ಗಾಳ ಹಿಡಿದ ಕೈಗಳೇ. ಒಳ್ಳೆಯ ಗೈಡ್ ಬೇಗ ಕೆಲಸ ಮುಗಿಸಿ, ಸೆಳವಿಗೆ ಮುಖಮಾಡಿ ಮೀನನ್ನು ಹಿಡಿದು ನಿಲ್ಲುತ್ತಾನೆ. ಕಿವಿರುಗಳಲ್ಲಿ ನೀರು ಆಡಬೇಕು. ಮೀನು ತಾನಾಗಿ ಬಾಲ ಬೀಸಿದಾಗಲೇ ಕೈ ಬಿಡುತ್ತಾನೆ.

ಕಾರ್ತಿಕದ ಹೊತ್ತಿಗೆ ಆಡಮ್ಸ್ ಹೊಳೆಯಲ್ಲಿ ಸಾಕ್‌ಐಗಳು ಮೊಟ್ಟೆಯಿಟ್ಟು ಮುಗಿಸಿ ಒಂದೊಂದಾಗಿ ಸಾಯುತ್ತವೆ. ಕರಡಿಗಳೂ ಹದ್ದುಗಳೂ ತಿಂದು ಚೆಲ್ಲಿದ ಮೀನು ದಂಡೆಯ ಮರಗಳಿಗೆ ಗೊಬ್ಬರವಾಗುತ್ತದೆ. ಕಡಲಿನಿಂದ ಮೀನು ಹೊತ್ತು ತಂದ ಸಾರಜನಕವನ್ನು ಇಂಥ ಹೊಳೆಗಳ ಬದಿಯ ಮರಗಳಲ್ಲೇ ವಿಜ್ಞಾನಿಗಳು ಗುರುತಿಸಿದ್ದಾರೆ. ಕೆಳಗೆ ದೊಡ್ಡ ಹೊಳೆಯ ಆಸುಪಾಸಿನ ತೊರೆಗಳಲ್ಲೂ ಚಮ್, ಪಿಂಕ್ ಸಾಲ್ಮನ್ನುಗಳು ಹೀಗೆಯೇ ಸತ್ತು ತೇಲಿ ಬರುತ್ತವೆ, ಮಡುವಿನ ತಳ ಸೇರುತ್ತವೆ. ಅಲ್ಲಿ ನಾಲ್ಕು ಮೀಸೆಗಳು ಕಲ್ಲು ತಡಕುತ್ತ ಬರುತ್ತಿರುತ್ತವೆ.

ಆಮೇಲೆ ಚಳಿ. ಹೊಟ್ಟೆ ತುಂಬಿದ ಸ್ಟರ್ಜನ್‌ಗಳು ಆಳದ, ಸೆಳವಿಲ್ಲದ ಮಡುಗಳಲ್ಲಿ ಹೆಚ್ಚು ಅಲುಗಾಡದೆ ಮಲಗಿರುತ್ತವೆ. ನೂರಾರು ಕಿಲೋಮೀಟರ್ ಮೇಲೆ, ಹಿಮ ಬಿದ್ದ ದಂಡೆಗಳ ನಡುವೆ, ಉರುಟುಗಲ್ಲಿನ ಸಂದಿಯಲ್ಲಿ ಕಿತ್ತಳೆ ಬಣ್ಣದ ಮೊಟ್ಟೆಗಳಿವೆ. ಹತ್ತಿರದಿಂದ ನೋಡಿದರೆ ಒಂದೊಂದರೊಳಗೂ ಎರಡು ಕಪ್ಪು ಚುಕ್ಕಿ ಕಾಣುತ್ತವೆ. ಅವು ಮರಿಯ ಕಣ್ಣುಗಳು.