ಅಗ್ಗದ ಪಿಸ್ತೂಲಿನ ಗುಣಮಟ್ಟ ಅಳೆಯೋದು ಹೇಗೆ?



ಇವತ್ತಿನ ವಿಷಯ ನೋಡಿ ಕೆಲವರಿಗೆ ಆಶ್ಚರ್ಯ ಆಗಿರಬಹುದು. ಪುಣೆಯಲ್ಲೋ ಹೈದರಾಬಾದಿನಲ್ಲೋ ಕೂತು ಕೋಡ್ ಬರೆಯೋ ನಮಗೂ ಪಿಸ್ತೂಲಿಗೂ ಏನು ಸಂಬಂಧ? ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಅದನ್ನು ಇಟ್ಟುಕೊಳ್ಳೋ ಹಾಗಿಲ್ಲ. 9 ಎಂ.ಎಂ. ಪಿಸ್ತೂಲಂತೂ ಸಾಮಾನ್ಯ ನಾಗರಿಕರಿಗೆ ನಿಷಿದ್ಧ ಬೋರ್. ಹಾಗಾಗಿ ಯಾವುದು ಕೊಳ್ಳಬೇಕು ಅಂತ ಹೇಳೋಕೆ ನಾನು ಬಂದಿಲ್ಲ. ಆದರೆ ಅಮೆರಿಕದಲ್ಲಿ ಇದು ಅಂಗಡಿಯಲ್ಲಿ ಮಾರಾಟವಾಗೋ ಸರಕು. 200 ಡಾಲರಿನದೂ ಇದೆ, 2000 ಡಾಲರಿನದೂ ಇದೆ. ಇಂಥ ವಸ್ತು ಅಗ್ಗವಾದಾಗ ಅದರ ಗುಣಮಟ್ಟವನ್ನು ಯಾವುದರಿಂದ ಅಳೀತೀರಿ? ಟೆಸ್ಟಿಂಗ್‌ನಲ್ಲಿ ಕೈ ಸುಟ್ಟುಕೊಂಡಿರೋ ನಮ್ಮಂಥವರಿಗೆ ಈ ಪ್ರಶ್ನೆ ಹೊಸದಲ್ಲ.

ಮೊದಲು ಅಗ್ಗ ಆಗೋದು ಹೇಗೆ ಅಂತ ನೋಡೋಣ. ಸೆಮಿ-ಆಟೋಮ್ಯಾಟಿಕ್ ಪಿಸ್ತೂಲಿನಲ್ಲಿ ಟ್ರಿಗರ್ ಒಂದು ಸಲ ಒತ್ತಿದರೆ ಒಂದೇ ಗುಂಡು ಹಾರುತ್ತೆ. ಆ ಹೊಡೆತದ ಬಲಕ್ಕೇ ಮೇಲಿನ ಸ್ಲೈಡ್ ಹಿಂದಕ್ಕೆ ಸರಿದು, ಖಾಲಿ ಕೇಸನ್ನು ಎಸೆದು, ಮುಂದಿನ ಕಾಡತೂಸನ್ನು ಒಳಗೆ ತಳ್ಳುತ್ತೆ. ಗುಂಡು ನಳಿಗೆಯಿಂದ ಹೊರಗೆ ಹೋಗೋವರೆಗೆ ಹಿಂಭಾಗ ತೆರೆದುಕೊಳ್ಳಬಾರದು. ಇದಕ್ಕೆ ಎರಡು ದಾರಿ. ನಳಿಗೆ ಮತ್ತು ಸ್ಲೈಡ್ ಒಂದಕ್ಕೊಂದು ಕಚ್ಚಿಕೊಂಡು ಸ್ವಲ್ಪ ದೂರ ಜೊತೆಗೇ ಹೋಗಿ ಆಮೇಲೆ ಬಿಡೋದು ಒಂದು. ಇದಕ್ಕೆ ನಿಖರವಾದ ಉಕ್ಕಿನ ಕೆಲಸ ಬೇಕು. ಕಚ್ಚಿಸೋ ಏರ್ಪಾಡೇ ಇಲ್ಲದೆ, ಸ್ಲೈಡಿನ ತೂಕ ಮತ್ತು ಸ್ಪ್ರಿಂಗ್ ಮೇಲೇ ನಂಬಿಕೆ ಇಡೋದು ಇನ್ನೊಂದು. ಇದನ್ನೇ ಬ್ಲೋಬ್ಯಾಕ್ ಅಂತಾರೆ. ಇದು ಅಗ್ಗ, ಆದರೆ ಭಾರ.

ಒಹಾಯೋದ ಹೈ-ಪಾಯಿಂಟ್ ಕಂಪನಿಯ ಸಿ9 ಹೀಗೇ ಮಾಡಿದ್ದು. ಬೆಲೆ ಸುಮಾರು 200 ಡಾಲರ್. ಸ್ಲೈಡ್ ಉಕ್ಕಿನದಲ್ಲ, ಸತುವಿನ ಮಿಶ್ರಲೋಹದ್ದು, ಜಮಾಕ್ ಅಂತಾರೆ. ನಮ್ಮ ಮನೆಯ ಬಾಗಿಲ ಹಿಡಿ, ಮಕ್ಕಳ ಆಟದ ಕಾರು ಎರಕ ಹೊಯ್ಯೋದೂ ಇಂಥ ಲೋಹದಲ್ಲೇ. 9 ಎಂ.ಎಂ. ಹೊಡೆತ ತಡೆಯೋಕೆ ಸ್ಲೈಡ್ ದಪ್ಪ ಆಗಲೇಬೇಕು. ಅದಕ್ಕೇ ಪಿಸ್ತೂಲು 800 ಗ್ರಾಂ ದಾಟುತ್ತೆ, ಮ್ಯಾಗಜೀನಿನಲ್ಲಿ ಹಿಡಿಯೋದು 8 ಗುಂಡು. ಅದಕ್ಕಿಂತ ಎರಡೂವರೆ-ಮೂರು ಪಟ್ಟು ಬೆಲೆಯ ಗ್ಲಾಕ್ 19 ಸುಮಾರು 600 ಗ್ರಾಂ, 15 ಗುಂಡು ಹಿಡಿಯುತ್ತೆ. ಹೈ-ಪಾಯಿಂಟ್ ನೋಡೋಕೆ ಇಟ್ಟಿಗೆ ಥರ ಇದೆ ಅಂತ ಜನ ನಗ್ತಾರೆ. ಆದರೆ ಕಂಪನಿ ಎಷ್ಟನೇ ಕೈಗೆ ಮಾರಿದ್ದಾದರೂ ಜೀವನಪೂರ್ತಿ ರಿಪೇರಿ ಮಾಡಿಕೊಡ್ತೀವಿ ಅನ್ನುತ್ತೆ. ಇಲ್ಲಿ ಕಡಿತ ಮಾಡಿದ್ದು ಅಂದ, ಹಗುರತನ, ಗುಂಡಿನ ಲೆಕ್ಕದಲ್ಲಿ. ಕಡಿತ ಕಣ್ಣಿಗೆ ಕಾಣುತ್ತೆ, ಗೊತ್ತಿದ್ದೇ ಕೊಳ್ತೀರಿ.

ಹಾಗಾದರೆ ಲೋಹ ನೋಡಿದರೆ ಸಾಕಾ? ಇಲಿನಾಯ್, ಹವಾಯಿಯಂಥ ರಾಜ್ಯಗಳು ಹಾಗೇ ಯೋಚಿಸಿದವು. 800 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕಡಿಮೆ ಶಾಖಕ್ಕೆ ಕರಗೋ ಲೋಹದ ಪಿಸ್ತೂಲು ಮಾರಬಾರದು ಅಂತ ಕಾನೂನು ಮಾಡಿದವು. ಜಮಾಕ್ 700 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ. ಆದರೆ ಯೋಚಿಸಿ ನೋಡಿ, ಯಾರೂ ಪಿಸ್ತೂಲನ್ನು ಒಲೆಯ ಮೇಲೆ ಇಡೋದಿಲ್ಲ. ಕರಗೋ ಶಾಖ ಅಳೆಯೋದು ಸುಲಭ, ಅದಕ್ಕೇ ಅಳೆದರು. 1982ರಲ್ಲಿ ಆಸ್ಟ್ರಿಯಾದ ಸೇನೆ ಗ್ಲಾಕ್ ಆರಿಸಿಕೊಂಡಾಗಲೂ ಪ್ಲಾಸ್ಟಿಕ್ ಪಿಸ್ತೂಲು ಅಂತ ಮೂಗು ಮುರಿದವರು ಇದ್ದರು. ಇವತ್ತು ಪ್ಲಾಸ್ಟಿಕ್ ಫ್ರೇಮೇ ವಾಡಿಕೆ.

ಕ್ಯಾಲಿಫೋರ್ನಿಯಾ ಬೇರೆ ದಾರಿ ಹಿಡಿಯಿತು. 1999ರಲ್ಲಿ ಕಾನೂನು ಮಾಡಿ 2001ರಿಂದ ಜಾರಿಗೆ ತಂತು. ಒಂದು ಮಾದರಿಯ ಮೂರು ಪಿಸ್ತೂಲು ಲ್ಯಾಬಿಗೆ ಕೊಡಬೇಕು. ಪ್ರತಿಯೊಂದರಿಂದ 600 ಗುಂಡು ಹಾರಿಸ್ತಾರೆ. ಮೊದಲ 20ರಲ್ಲಿ ಪಿಸ್ತೂಲಿನ ತಪ್ಪಿನಿಂದ ಒಂದು ಸಲವೂ ಸಿಕ್ಕಿಹಾಕಿಕೊಳ್ಳಬಾರದು, ಒಟ್ಟು 600ರಲ್ಲಿ 6ಕ್ಕಿಂತ ಹೆಚ್ಚು ತೊಂದರೆ ಬರಬಾರದು, ಅಪಾಯ ತರೋ ಬಿರುಕು ಎಲ್ಲೂ ಕಾಣಬಾರದು. ಆಮೇಲೆ ಬೀಳಿಸೋ ಪರೀಕ್ಷೆ. ಗುಂಡು, ಮದ್ದು ಇಲ್ಲದ, ಬರೀ ಪ್ರೈಮರ್ ಇರೋ ಕೇಸ್ ಹಾಕಿ, ಒಂದು ಮೀಟರ್ ಎತ್ತರದಿಂದ ಕಾಂಕ್ರೀಟ್ ಮೇಲೆ ಆರು ಭಂಗಿಯಲ್ಲಿ ಬೀಳಿಸ್ತಾರೆ. ಪ್ರೈಮರ್ ಸಿಡಿದರೆ ಫೇಲ್. ಇಲ್ಲಿ ಬೆಲೆ ಕೇಳಲ್ಲ, ಲೋಹ ಕೇಳಲ್ಲ. ನೂರಕ್ಕೆ ಒಂದು ತಪ್ಪು ಅನ್ನೋದು ದೊಡ್ಡ ಗುಣಮಟ್ಟ ಏನಲ್ಲ, ಕನಿಷ್ಠ ಮಿತಿ ಅಷ್ಟೇ. ಆದರೂ ಇದು ಅಳೆಯಬೇಕಾದ್ದನ್ನೇ ಅಳೆಯುತ್ತೆ.

ಈಗ ನನ್ನ ಮುಖ್ಯ ಮಾತಿಗೆ ಬರ್ತೀನಿ. ಪಿಸ್ತೂಲು ಕೆಡೋದರಲ್ಲಿ ಎರಡು ಬಗೆ ಇದೆ. ಹಾರಬೇಕಾದಾಗ ಹಾರದೆ ಇರೋದು ಒಂದು. ಮ್ಯಾಗಜೀನಿನ ತುಟಿ ಬಾಗಿದ್ದರೆ, ಸ್ಪ್ರಿಂಗ್ ಸೋತಿದ್ದರೆ ಹೀಗಾಗುತ್ತೆ. ಮ್ಯಾಗಜೀನ್ ಬದಲಿಸಿದರೆ ಎಷ್ಟೋ ಸಲ ಸರಿಹೋಗುತ್ತೆ. ಹಾರಬಾರದಾಗ ಹಾರೋದು ಇನ್ನೊಂದು. ಅಂಗಡಿಯ ಕೌಂಟರಿನಲ್ಲಿ ಕೈಯಲ್ಲಿ ಹಿಡಿದು ನೋಡಿದರೆ ಇದು ಗೊತ್ತಾಗಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತಾರಲ್ಲ, ಹಾಗೆ. ಗುಣಮಟ್ಟ ಅಂತ ನಾನು ಅನ್ನೋದು ಮೊದಲು ಈ ಎರಡನೇ ಬಗೆಯನ್ನ.

1968ರಲ್ಲಿ ಅಮೆರಿಕ ಸಣ್ಣ ಅಗ್ಗದ ಪಿಸ್ತೂಲುಗಳ ಆಮದಿಗೆ ಕಡಿವಾಣ ಹಾಕಿತು. ಆ ನಿಯಮ ಹೊರಗಿನಿಂದ ಬರೋ ಮಾಲಿಗೆ ಮಾತ್ರ, ದೇಶದೊಳಗೆ ಮಾಡಿದ್ದಕ್ಕೆ ಅಲ್ಲ. ಆ ಸಂದಿಯಲ್ಲಿ ಲಾಸ್ ಏಂಜಲಿಸ್ ಸುತ್ತಮುತ್ತ ರೇವನ್, ಡೇವಿಸ್, ಲಾರ್ಸಿನ್, ಬ್ರೈಕೋ ಅಂತ ಕಂಪನಿಗಳು ಹುಟ್ಟಿದವು. ಗ್ಯಾರನ್ ವಿಂಟಮ್ಯೂಟ್ ಅನ್ನೋ ವೈದ್ಯರು 1994ರಲ್ಲಿ ಇವುಗಳ ಬಗ್ಗೆ ವರದಿ ಬರೆದು ‘ರಿಂಗ್ ಆಫ್ ಫೈರ್’ ಅಂತ ಹೆಸರಿಟ್ಟರು.

ಅದೇ 1994ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ 7 ವರ್ಷದ ಒಬ್ಬ ಹುಡುಗ. ಅವನನ್ನು ನೋಡಿಕೊಳ್ತಿದ್ದ ಯುವಕ ಮನೆಯಲ್ಲಿದ್ದ ಬ್ರೈಕೋ ಪಿಸ್ತೂಲಿನಿಂದ ಗುಂಡು ತೆಗೆದು ಖಾಲಿ ಮಾಡೋಕೆ ಹೋದ. ಆ ಪಿಸ್ತೂಲಿನಲ್ಲಿ ಸೇಫ್ಟಿ ಹಾಕಿದ್ದರೆ ಸ್ಲೈಡ್ ತೆರೆಯೋಕೆ ಬರಲ್ಲ. ಖಾಲಿ ಮಾಡಬೇಕಾದರೆ ಸೇಫ್ಟಿ ತೆಗೆಯಲೇಬೇಕು. ತೆಗೆದ. ಗುಂಡು ಹಾರಿತು. ಹುಡುಗನಿಗೆ ಕತ್ತಿನಿಂದ ಕೆಳಗೆ ಸ್ವಾಧೀನವೇ ಹೋಯಿತು. ಕೋರ್ಟಿನಲ್ಲಿ ಹುಡುಗನ ಪರ ವಕೀಲರು ವಾದಿಸಿದ್ದು ಹೀಗೆ: ಪಿಸ್ತೂಲಿನೊಳಗೆ ಕಾಡತೂಸು ಸಿಕ್ಕಿಹಾಕಿಕೊಳ್ಳೋ ದೋಷ ಇತ್ತು. ಅದನ್ನು ಸರಿಮಾಡೋ ಬದಲು ದೋಷ ಕಾಣದ ಹಾಗೆ ಸೇಫ್ಟಿಯ ವಿನ್ಯಾಸವನ್ನೇ ಬದಲಿಸಿದರು. ನಮ್ಮ ಭಾಷೆಯಲ್ಲಿ ಹೇಳೋದಾದರೆ ಬಗ್ ಫಿಕ್ಸ್ ಮಾಡಲಿಲ್ಲ, ವರ್ಕ್‌ಅರೌಂಡ್ ಹಾಕಿದರು. 2003ರಲ್ಲಿ ಜ್ಯೂರಿ ತಯಾರಕರ ಪಾಲಿಗೆ ಸುಮಾರು 2.4 ಕೋಟಿ ಡಾಲರ್ ಪರಿಹಾರ ಹೊರಿಸಿತು. ಉಳಿದ ಹೊಣೆಯನ್ನು ಮನೆಯವರೂ ಸೇರಿದಂತೆ ಬೇರೆಯವರ ಮೇಲೆ ಹಂಚಿತು. ಕಂಪನಿ ದಿವಾಳಿ ಎದ್ದಿತು. ಆಮೇಲೆ ಹರಾಜಿನಲ್ಲಿ ಕಾರ್ಖಾನೆಯನ್ನು ಕೊಂಡವರು ಅದರದೇ ಹಳೆಯ ಫೋರ್‌ಮನ್. ಪಿಸ್ತೂಲು ತಯಾರಿ ಹೊಸ ಹೆಸರಿನಲ್ಲಿ ಮುಂದುವರಿಯಿತು.

ಬೆಲೆ ಹೆಚ್ಚಾದರೆ ಈ ಅಪಾಯ ಇರಲ್ಲ ಅಂದುಕೊಳ್ಳಬೇಡಿ. ಸಿಗ್ ಸಾವರ್ ಕಂಪನಿಯ ಪಿ320 ಬೆಲೆ 500 ಡಾಲರ್‌ಗೂ ಮೇಲೆ. 2017ರ ಜನವರಿಯಲ್ಲಿ ಅಮೆರಿಕದ ಸೇನೆ ಅದೇ ವಿನ್ಯಾಸದ ಪಿಸ್ತೂಲು ಆರಿಸಿಕೊಂಡಿತು. ಅದೇ ಆಗಸ್ಟಿನಲ್ಲಿ, ಅಂಗಡಿಯಲ್ಲಿ ಮಾರುವ ಪಿ320 ಒಂದು ನಿರ್ದಿಷ್ಟ ಕೋನದಲ್ಲಿ ಹಿಂಭಾಗ ತಗುಲಿ ಬಿದ್ದರೆ ಗುಂಡು ಹಾರುತ್ತೆ ಅಂತ ಹೊರಗಿನವರು ಬೀಳಿಸಿ ತೋರಿಸಿದರು. ಮಾನಕ ಪರೀಕ್ಷೆಗಳಲ್ಲಿ ಪಾಸಾಗಿದೆ ಅಂತ ಕಂಪನಿ ಹೇಳಿತು. ಅದು ಸರಿಯೇ. ಆ ಕೋನ ಟೆಸ್ಟ್ ಪಟ್ಟಿಯಲ್ಲೇ ಇರಲಿಲ್ಲ! ಆಮೇಲೆ ಕಂಪನಿ ಟ್ರಿಗರ್ ಭಾಗಗಳನ್ನು ಉಚಿತವಾಗಿ ಬದಲಿಸಿಕೊಟ್ಟಿತು.

ಇಲ್ಲಿ ಇನ್ನೊಂದು ವಿಚಿತ್ರ ಇದೆ. ಅಮೆರಿಕದಲ್ಲಿ ಟೋಸ್ಟರ್, ಮಕ್ಕಳ ಆಟಿಕೆ ಅಪಾಯಕಾರಿ ಅಂತ ಕಂಡರೆ ಸರ್ಕಾರಿ ಆಯೋಗವೇ ವಾಪಸ್ ಕರೆಸಬಹುದು. 1972ರಲ್ಲಿ ಗ್ರಾಹಕ ಸುರಕ್ಷತೆಯ ಆ ಕಾನೂನು ಮಾಡುವಾಗ ಬಂದೂಕು, ಪಿಸ್ತೂಲನ್ನು ಅದರಿಂದ ಹೊರಗಿಟ್ಟರು. ಹಾಗಾಗಿ ದೋಷ ಹೊರಗೆ ಬರೋದು ಕೋರ್ಟಿನಲ್ಲಿ, ಇಲ್ಲವೇ ಯಾರಾದರೂ ತಾವಾಗಿ ಬೀಳಿಸಿ ನೋಡಿದಾಗ. ಅಷ್ಟರೊಳಗೆ ಅದು ಎಷ್ಟೋ ಮನೆ ಸೇರಿರುತ್ತೆ.

ಅಗ್ಗದ ಯಾವ ವಸ್ತು ಕೈಗೆ ಬಂದರೂ, ಅದು ಗೀಸರ್ ಆಗಲಿ, ಮಗುವಿನ ಕಾರ್ ಸೀಟ್ ಆಗಲಿ, ದುಡ್ಡು ಎಲ್ಲಿ ಉಳಿಸಿದ್ದಾರೆ ಅಂತ ಹುಡುಕಿ. ಬಣ್ಣದಲ್ಲಿ, ತೂಕದಲ್ಲಿ ಉಳಿಸಿದ್ದರೆ ಧೈರ್ಯವಾಗಿ ತಗೊಳ್ಳಿ. ಕೆಟ್ಟಾಗ ಜೀವ ಕಾಯೋ ಭಾಗದಲ್ಲಿ ಉಳಿಸಿದ್ದರೆ, ಪುಕ್ಕಟೆ ಕೊಟ್ಟರೂ ಬೇಡ ಅನ್ನಿ. ನಿಮ್ಮ ಪ್ರಶ್ನೆಗಳನ್ನು ಕೆಳಗೆ ಬರೆಯಿರಿ, ಉತ್ತರ ಕೊಡ್ತೀನಿ.