ಬೆಂಚಿಗಿಂತ ಮೊದಲು ದಕ್ಕೆ



ಹಳೆಯ ಬಲೆಗಳಿಂದ ಪಾರ್ಕಿನ ಬೆಂಚು, ಕಡಲತಡಿಯ ಕಾಲುಹಾದಿ ಮಾಡುವ ಬಗ್ಗೆ ಇವತ್ತು ಈ ಸಭೆಯಲ್ಲಿ ಅನೇಕ ಪ್ರಬಂಧಗಳಿವೆ. ಹಲಗೆಗಳ ಬಾಳಿಕೆಯನ್ನು ಅಳೆದವರು, ಕೊಚ್ಚಿಯಿಂದ ಬಂದ ಬಲೆ ತಂತ್ರಜ್ಞರು ಇಲ್ಲೇ ಇದ್ದಾರೆ. ಅವರ ಕೆಲಸವನ್ನು ಅವರೇ ಹೇಳುವುದು ಚೆಂದ. ನನ್ನದು ಹಳೆಯ ತಕರಾರು. ನಾವು ಬೆಂಚಿನಿಂದ ಶುರು ಮಾಡಿದೆವು. ಶುರುವಾಗಬೇಕಿದ್ದದ್ದು ಬಂದರಿನ ದಕ್ಕೆಯಲ್ಲಿ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವಾಗ ಮಲ್ಪೆ ಬಂದರಿಗೆ ಹೋಗಿ ನೋಡಿ. ಹರಿದ ಬಲೆಯಿಂದ ಸೀಸದ ಗುಂಡು ಬಿಚ್ಚಿಡುತ್ತಾರೆ, ತೇಲುವ ಬುರುಡೆಗಳು ಮತ್ತೆ ಬಳಕೆಗೆ, ಗಟ್ಟಿ ತುಂಡು ಇನ್ನೊಂದು ಬಲೆಯ ತೇಪೆಗೆ, ಹಗ್ಗ ಗುಜರಿಗೆ. ಉಳಿದದ್ದು ನವಿಲು ಬಾರದಂತೆ ತರಕಾರಿ ತೋಟದ ಬೇಲಿಗೆ. ಬಲೆ ಹೆಣೆಯುತ್ತಿದ್ದ ಹಿರಿಯರೊಬ್ಬರನ್ನು "ಇದರಲ್ಲಿ ಕಸ ಯಾವುದು?" ಎಂದು ಕೇಳಿದ್ದೆ. "ಬಂಡೆಗೆ ಸಿಕ್ಕಿ ಸಮುದ್ರದಲ್ಲೇ ಉಳಿಯಿತಲ್ಲ, ಅದು" ಎಂದರು.

ಉಳಿದ ಆ ಬಲೆ ಯಾರದ್ದು? ಎತ್ತಿ ತರುವ ಡೀಸೆಲ್ ಖರ್ಚು ಯಾರದ್ದು? ವರ್ಷಗಳಿಂದ ನನ್ನನ್ನು ಬಿಡದ ಪ್ರಶ್ನೆ ಇದು.

ಬೆಲೆ ಸಿಕ್ಕಿದ ಕಡೆ ಬಲೆ ದಡಕ್ಕೆ ಬಂದಿದೆ. ಕೆಲವು ಬಲೆಗಳ ನೈಲಾನ್-6 ಅನ್ನು ಕರಗಿಸಿ, ಒಡೆದು ಮತ್ತೆ ಅದರ ಮೂಲವಸ್ತುವಾದ ಕ್ಯಾಪ್ರೊಲ್ಯಾಕ್ಟಮ್ ಮಾಡಬಹುದು. ಹಾಗಾಗಿಯೇ ಫಿಲಿಪೀನ್ಸ್‌ನ ಕರಾವಳಿ ಹಳ್ಳಿಗಳಲ್ಲಿ ನೆಟ್-ವರ್ಕ್ಸ್ ಯೋಜನೆ ಹಳೆಯ ಬಲೆಗಳನ್ನು ಹಣ ಕೊಟ್ಟು ಕೊಂಡಿತು, ಅವು ನೆಲಹಾಸಿನ ನೂಲಾದವು. ಟ್ರಾಲ್ ಬಲೆಯ ಪಾಲಿಎಥಿಲೀನ್‌ಗೆ ಆ ಭಾಗ್ಯವಿಲ್ಲ. ಮರಳು, ಉಪ್ಪು, ಮೀನಿನ ಹುರುಪೆ ಅಂಟಿಕೊಂಡ ಅದಕ್ಕೆ ಗುಜರಿಯವರೂ ಕೈಚಾಚುವುದಿಲ್ಲ. ನಮ್ಮ ಬೆಂಚುಗಳಿಗೆ ಬರುವುದು ಹೆಚ್ಚಾಗಿ ಅದೇ.

ಕೇರಳದ ನೀಂಡಕರದಲ್ಲಿ 2017ರಲ್ಲಿ ಆರಂಭವಾದ ಶುಚಿತ್ವ ಸಾಗರಂ ಯೋಜನೆ ನನಗೆ ಇಷ್ಟವಾಗುವುದು ಈ ಕಾರಣಕ್ಕೆ. ಮೀನುಗಾರರು ಬಲೆಗೆ ಬಿದ್ದ ಪ್ಲಾಸ್ಟಿಕ್ಕನ್ನು ಚೀಲದಲ್ಲಿ ತುಂಬಿ ತಂದರು, ಬಂದರಿನಲ್ಲೇ ಮಹಿಳೆಯರು ಕೂಲಿ ಪಡೆದು ವಿಂಗಡಿಸಿದರು, ಆಮೇಲೆ ಅದು ಪುಡಿಯಾಗಿ ರಸ್ತೆಯ ಡಾಂಬರಿಗೆ ಸೇರಿತು. ಮೊದಲು ಬಂದರು, ನಂತರ ರಸ್ತೆ.

ಇನ್ನು ಖರ್ಚಿನ ಪ್ರಶ್ನೆ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಮೀನುಗಾರಿಕೆ ಬಲೆಯ ಸಂಗ್ರಹದ ವೆಚ್ಚವನ್ನು ತಯಾರಕರ ಮೇಲೆ ಹೊರಿಸಿದೆ. ನಮ್ಮ 2022ರ ಉತ್ಪಾದಕರ ಹೊಣೆಗಾರಿಕೆಯ ಮಾರ್ಗಸೂಚಿ ಪ್ಯಾಕೇಜಿಂಗ್ ಪ್ಲಾಸ್ಟಿಕ್ಕಿನಲ್ಲೇ ನಿಂತಿದೆ. ಬಲೆ ಅದರ ಹೊರಗೆ. ತಯಾರಕರೇ ಕೊಡಬೇಕು ಎಂಬುದು ನನ್ನ ಒಲವು. ಆದರೆ ಅವರು ಬಲೆಯ ಬೆಲೆ ಏರಿಸಿದರೆ, ಸಣ್ಣ ನಾಡದೋಣಿಯಲ್ಲಿ ಕಂತಲೆ ಬಲೆ ಬಿಡುವವರು ತಮ್ಮದಲ್ಲದ ಟ್ರಾಲ್ ಕಸಕ್ಕೂ ದಂಡ ಕೊಟ್ಟಂತಾಗುತ್ತದೆ. ಈ ಗಂಟನ್ನು ನಾನು ಬಿಡಿಸಲಾರೆ. ಅರ್ಥಶಾಸ್ತ್ರದ ಯುವ ಸಂಶೋಧಕರು ಇಲ್ಲಿದ್ದೀರಿ, ದಯವಿಟ್ಟು ಕೈಹಾಕಿ.

ಮಧ್ಯಾಹ್ನ ಬೆಂಚಿನ ಚಿತ್ರ ತೋರಿಸುವವರಲ್ಲಿ ನನ್ನ ವಿನಂತಿ ಒಂದೇ: ಅದರ ಮುಂಚಿನ ಸ್ಲೈಡಿನಲ್ಲಿ, ಆ ಬಲೆ ತಂದವರಿಗೆ ಕಿಲೋಗೆ ಎಷ್ಟು ಸಿಕ್ಕಿತು ಎಂದು ಬರೆಯಿರಿ.